ಜ್ವರ ಬಂದರೆ ಯಾರೂ ಮುಚ್ಚಿಡಬೇಕಾಗಿಲ್ಲದ ಕಟ್ಟಡ: ಮಾಡುವುದು ಹೇಗೆ

2020ರ ಮೇ ತಿಂಗಳು. ಮಾಟುಂಗಾದ ನಮ್ಮ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬರಿಗೆ ಜ್ವರ ಬಂತು. ಆರು ದಿನ ಯಾರಿಗೂ ಹೇಳಲಿಲ್ಲ. ಕೆಮ್ಮು ಹೊರಗೆ ಕೇಳಿಸಬಾರದು ಅಂತ ಟಿವಿ ಜೋರು ಮಾಡಿಕೊಂಡು, ಬಾಗಿಲು ಹಾಕಿಕೊಂಡು ಇದ್ದರು. ಏಳನೇ ದಿನ ಅವರ ತಾಯಿಗೆ ಉಸಿರಾಡಲು ಕಷ್ಟವಾದಾಗ ಬಾಗಿಲು ತೆರೆಯಿತು. ಅಜ್ಜಿ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ಮೊದಲೇ ಹೇಳಬಾರದಿತ್ತಾ ಅಂತ ಆಮೇಲೆ ತುಂಬಾ ಜನ ಅವರನ್ನು ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ಅದಕ್ಕೆ ಎರಡು ವಾರ ಮೊದಲು ಕೆಳಗಿನ ಮನೆಯೊಂದರಲ್ಲಿ ಪಾಸಿಟಿವ್ ಬಂದಾಗ, ಹೆಸರು, ಮನೆ ನಂಬರು ಸಮೇತ ನೋಟಿಸ್ ಬೋರ್ಡಿಗೆ ಅಂಟಿಸಿದ್ದು ನಮ್ಮ ಕಮಿಟಿ. ಆ ಕಾಗದಕ್ಕೆ ಸಹಿ ಹಾಕಿದ್ದು ನಾನು. ಮರುದಿನದಿಂದ ಆ ಮನೆಗೆ ಹಾಲು ಬರಲಿಲ್ಲ, ಕಸ ತೆಗೆಯಲು ಯಾರೂ ಬರಲಿಲ್ಲ, ಆ ಮನೆಯ ಮಕ್ಕಳು ಗ್ಯಾಲರಿಗೆ ಬಂದರೆ ಉಳಿದವರು ತಮ್ಮ ಮಕ್ಕಳನ್ನು ಒಳಗೆ ಎಳೆದುಕೊಂಡರು. ಇದನ್ನೆಲ್ಲ ಮೇಲಿನಿಂದ ನೋಡುತ್ತಿದ್ದ ಎರಡನೇ ಮಹಡಿಯವರು ತಮಗೂ ಜ್ವರ ಅಂತ ಹೇಗೆ ಹೇಳಿಯಾರು?

ಅಲ್ಲಿಂದ ಈಚೆಗೆ ನಮ್ಮ 32 ಮನೆಗಳವರು ಸೇರಿ ಒಂದಿಷ್ಟು ಪದ್ಧತಿ ಮಾಡಿಕೊಂಡಿದ್ದೇವೆ. ಕೆಲವು ಸರಿಹೋದವು, ಕೆಲವನ್ನು ಬಿಟ್ಟೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂಬೈ, ಪುಣೆ, ಗೋವಾ ಎಲ್ಲಿದ್ದರೂ, ಚಾಳಾದರೂ ಸರಿ, ಟವರ್ ಆದರೂ ಸರಿ, ನಿಮಗೆ ಬೇಕಾದ್ದನ್ನು ತೆಗೆದುಕೊಳ್ಳಿ.

ಮುಚ್ಚಿಡುವುದು ಎಲ್ಲಿಂದ ಶುರುವಾಗುತ್ತದೆ

ಮುಂಬೈಗೆ ಇದು ಹೊಸದಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಪ್ಲೇಗ್ ಬಂದಿದೆ ಅಂತ ಗುರುತಿಸಿದ್ದು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೇಗಸ್. ಮೆಟ್ರೋ ಸಿನಿಮಾ ಹತ್ತಿರ ಅವರ ಪ್ರತಿಮೆ ಇದೆ, ಆ ಕಡೆ ಹೋದಾಗ ನೋಡಿ. ರೋಗ ಗುರುತಾದ ಮೇಲೆ ಸರ್ಕಾರ ಹಿಡಿದ ದಾರಿ ಮಾತ್ರ ಬಲವಂತದ್ದು. ಮನೆಗೆ ನುಗ್ಗಿ ಹುಡುಕುವುದು, ರೋಗಿಯನ್ನು ಎತ್ತಿಕೊಂಡು ಹೋಗುವುದು, ಮನೆಯವರನ್ನು ಕ್ಯಾಂಪಿಗೆ ಹಾಕುವುದು, ಸಾಮಾನು ಸುಡುವುದು. 1897ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದಕ್ಕೆಲ್ಲ ಅಧಿಕಾರ ಕೊಟ್ಟಿತು. 2020ರಲ್ಲಿ ಬಳಸಿದ್ದೂ ಅದೇ ಕಾಯ್ದೆ.

ಜನ ಏನು ಮಾಡಿದರು? ರೋಗಿಗಳನ್ನು ಬಚ್ಚಿಟ್ಟರು. ಹೆಣವನ್ನೂ ಬಚ್ಚಿಟ್ಟರು. 1896ರ ಅಕ್ಟೋಬರ್‌ನಲ್ಲಿ ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆ ಮೇಲೆ, ಅಂದರೆ ಈಗಿನ ಕಸ್ತೂರ್ಬಾ ಆಸ್ಪತ್ರೆ ಮೇಲೆ, ದಾಳಿ ಮಾಡಿದರು. ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಅವರ ಜೊತೆ ಪ್ಲೇಗೂ ರೈಲು ಹತ್ತಿತು. ಹುಬ್ಬಳ್ಳಿಗೆ ಬಂತು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಬಂತು. ಪುಣೆಯಲ್ಲಿ ಪ್ಲೇಗ್ ಕಮಿಷನರ್ ರ‍್ಯಾಂಡ್ ನಡೆಸಿದ ಮನೆ ತಪಾಸಣೆಗೆ ಜನ ಎಷ್ಟು ಕೆರಳಿದ್ದರೆಂದರೆ, 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹಾರಿಸಿದರು. ಅದೇ ವರ್ಷ ಮಾರ್ಚ್ 10ರಂದು ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಅವರಿಗೂ ರೋಗ ತಗುಲಿತ್ತು.

ಮುಂಬೈಯಲ್ಲಿ ಆಮೇಲೆ ಬೇರೆ ಬೇರೆ ಸಮುದಾಯದವರು ತಮ್ಮವರಿಗಾಗಿಯೇ ಪ್ಲೇಗ್ ಆಸ್ಪತ್ರೆ ತೆರೆದರು. ಅಲ್ಲಿ ಪರಿಚಯದ ಮುಖ ಇತ್ತು, ತಮ್ಮ ಕಡೆಯ ಅಡುಗೆ ಇತ್ತು. ಇದೇ ಮಾತನ್ನು 2020ರಲ್ಲಿ ನಾವು ಕಣ್ಣಾರೆ ನೋಡಿದೆವು. ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೇಸ್ ಬಂದಾಗ, ಇನ್ನು ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಎರಡೂವರೆ ಚದರ ಕಿಲೋಮೀಟರ್ ಕೂಡ ಇಲ್ಲದ ಜಾಗದಲ್ಲಿ ಲಕ್ಷಗಟ್ಟಲೆ ಜನ, ಜಾಸ್ತಿ ಮನೆಗಳಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಆದರೆ ಅಲ್ಲಿ ಪಾಲಿಕೆಯವರ ಜೊತೆ ಆ ಗಲ್ಲಿಯ ಡಾಕ್ಟರುಗಳೇ ಮನೆ ಮನೆಗೆ ಹೋದರು. ವರ್ಷಗಟ್ಟಲೆ ಮಕ್ಕಳ ಜ್ವರಕ್ಕೆ ಔಷಧಿ ಕೊಟ್ಟ ಡಾಕ್ಟರು ಬಾಗಿಲಿಗೆ ಬಂದರೆ ಜನ ನಿಜ ಹೇಳುತ್ತಾರೆ. ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು, ಊಟ ಕೊಟ್ಟರು. ಜೂನ್ ಹೊತ್ತಿಗೆ ಅಲ್ಲಿ ಕೇಸುಗಳು ಇಳಿಯತೊಡಗಿದ್ದವು.

ಮೇ ತಿಂಗಳಲ್ಲೇ ಮಾಡಿ ಮುಗಿಸುವುದು

ರೋಗ ಬಂದ ಮೇಲೆ ಮೀಟಿಂಗ್ ಕರೆಯಬೇಡಿ. ಆಗ ಎಲ್ಲರೂ ಹೆದರಿರುತ್ತಾರೆ, ಹೆದರಿದವರು ಸೇರಿ ಮಾಡಿದ ನಿಯಮ ಕಠಿಣವಾಗಿಯೇ ಇರುತ್ತದೆ. ಮಳೆಗೆ ಮೊದಲು, ಮಕ್ಕಳಿಗೆ ರಜೆ ಇರುವಾಗ, ಒಂದು ಭಾನುವಾರ ಕೂತುಕೊಳ್ಳಿ. ಮಹಡಿಗೆ ಒಬ್ಬರಾದರೂ ಇರಲಿ. ಚಾ ಮಾಡಿ.

ಮೊದಲು ಇಬ್ಬರನ್ನು ಆರಿಸಿ. ಕಾಯಿಲೆ ಬಂದವರು ಫೋನ್ ಮಾಡುವುದು ಈ ಇಬ್ಬರಿಗೆ ಮಾತ್ರ. ಒಬ್ಬರು ಹೆಂಗಸು, ಒಬ್ಬರು ಗಂಡಸು ಇದ್ದರೆ ಒಳ್ಳೆಯದು. ಸೆಕ್ರೆಟರಿ ಈ ಕೆಲಸಕ್ಕೆ ಬೇಡ, ಯಾಕೆಂದರೆ ಮೇಂಟೆನೆನ್ಸ್ ಬಾಕಿ ಇರುವವರು ಸೆಕ್ರೆಟರಿಗೆ ಫೋನ್ ಮಾಡಲು ಹಿಂಜರಿಯುತ್ತಾರೆ. ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ಇರಬೇಕು, ಓದು ಬರಹ ಎಷ್ಟಿದೆ ಅನ್ನುವುದು ಮುಖ್ಯವಲ್ಲ. ನಮ್ಮಲ್ಲಿ ಎರಡನೇ ಮಹಡಿಯ ಅದೇ ಮನೆಯವರು ತಾವೇ ಮುಂದೆ ಬಂದು ಈ ಜವಾಬ್ದಾರಿ ತೆಗೆದುಕೊಂಡರು. ನಾವು ಕೇಳಿರಲಿಲ್ಲ.

ಫೋನ್ ಬಂದಾಗ ಮೊದಲ ಮಾತು ಏನಿರಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ‘ಎಲ್ಲಿಗೆ ಹೋಗಿದ್ರಿ, ಯಾರ ಜೊತೆ ಇದ್ರಿ’ ಅಂತ ಶುರು ಮಾಡಿದರೆ ಅದು ಪೊಲೀಸ್ ವಿಚಾರಣೆ ಆಗುತ್ತದೆ. ‘ಅಕ್ಕ, ಈಗ ಏನು ಬೇಕು? ಊಟ ಆಯ್ತಾ? ಮನೆಯಲ್ಲಿ ಇನ್ಯಾರಿದ್ದಾರೆ?’ ಇಷ್ಟು ಸಾಕು. ಉಳಿದದ್ದು ಅವರಾಗಿಯೇ ಹೇಳುತ್ತಾರೆ, ಸ್ವಲ್ಪ ಹೊತ್ತು ಸುಮ್ನೆ ಕೇಳಿಸಿಕೊಳ್ಳಿ.

ಆಮೇಲೆ ಒಂದು ಪಟ್ಟಿ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರಿಗೆ ಡಯಾಲಿಸಿಸ್, ಯಾರು ಬಸುರಿ, ಎಲ್ಲಿ ಹಸುಗೂಸು ಇದೆ, ಯಾರು ದಿನಗೂಲಿ. ಇದನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ, ಕಾಗದದಲ್ಲಿ ಬರೆದು ಆ ಇಬ್ಬರ ಹತ್ತಿರ ಇಡಿ. ಪಾಲಿಕೆಯ ಹತ್ತಿರದ ಹೆಲ್ತ್ ಪೋಸ್ಟ್ ಎಲ್ಲಿದೆ, ‘ಆಪ್ಲಾ ದವಾಖಾನಾ’ ಎಲ್ಲಿದೆ ಅಂತ ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬನ್ನಿ. ಮುಂಬೈ ಪಾಲಿಕೆಯ ಸಹಾಯವಾಣಿ 1916, ಆಂಬುಲೆನ್ಸ್ 108. ವಾಚ್‌ಮನ್ ಫೋನಿನಲ್ಲೂ ಇವು ಇರಲಿ.

ದುಡ್ಡಿನ ವಿಷಯ ಮಾತಾಡಲು ಸಂಕೋಚ, ಆದರೆ ಇದಿಲ್ಲದೆ ಉಳಿದದ್ದು ನಡೆಯುವುದಿಲ್ಲ. ಕೂಲಿ ಹೋಗುತ್ತದೆ ಅನ್ನುವ ಭಯವೇ ಎಷ್ಟೋ ಜನರ ಬಾಯಿ ಮುಚ್ಚಿಸುವುದು. ನಾವು ಮನೆಗೆ ತಿಂಗಳಿಗೆ 50 ರೂಪಾಯಿ ಎತ್ತುತ್ತೇವೆ. 32 ಮನೆಗೆ ವರ್ಷಕ್ಕೆ 19,200 ಆಗುತ್ತದೆ. ದೊಡ್ಡದಲ್ಲ. ಆದರೆ ಒಬ್ಬರಿಗೆ ಹತ್ತು ದಿನದ ರೇಷನ್, ಟೆಸ್ಟ್ ಖರ್ಚು, ಟ್ಯಾಕ್ಸಿ ಖರ್ಚು ಅದರಿಂದ ಆಗುತ್ತದೆ. ಲೆಕ್ಕದಲ್ಲಿ ಹೆಸರು ಬರೆಯುವುದಿಲ್ಲ, ‘ವೈದ್ಯಕೀಯ’ ಅಂತಷ್ಟೇ. ದೊಡ್ಡ ಖರ್ಚಿಗೆ ಇದು ಸಾಲುವುದಿಲ್ಲ ಅನ್ನುವುದೂ ಗೊತ್ತಿರಲಿ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಕಡೆ, ಕಿರ್ಕಟ್‌ವಾಡಿ, ನಾಂದೇಡ್ ಗ್ರಾಮದ ಸುತ್ತ ಗಿಯಾನ್ ಬಾರೆ ಕಾಯಿಲೆ ಹರಡಿದಾಗ, ಕೈಕಾಲು ಸೋತು ಬಿದ್ದವರಿಗೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಚಿಕಿತ್ಸೆಗೆ ಲಕ್ಷಗಟ್ಟಲೆ ಬೇಕಾಯಿತು. ಅಲ್ಲಿ ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ಸರ್ಕಾರಿ ಯೋಜನೆಗಳಲ್ಲಿ ಏನು ಸಿಗುತ್ತದೆ, ಯಾವ ಕಾಗದ ಬೇಕು ಅಂತ ಆರೋಗ್ಯವಾಗಿದ್ದಾಗಲೇ ವಿಚಾರಿಸಿ. ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಒಂದು ಕವರಿನಲ್ಲಿ ಹಾಕಿಡಿ.

ನೀರಿನ ಟ್ಯಾಂಕು. ಮುಚ್ಚಳ ಬಿಗಿಯಾಗಿರಬೇಕು, ಸಂದಿ ಇರಬಾರದು. ಮುಂಬೈಯಲ್ಲಿ ಮಲೇರಿಯಾ ಹರಡುವ ಸೊಳ್ಳೆ ಬಾವಿ, ತಾರಸಿ ಟ್ಯಾಂಕಿನಲ್ಲಿ ಮೊಟ್ಟೆ ಇಡುತ್ತದೆ. ಡೆಂಗಿ ಸೊಳ್ಳೆ ಮನೆಯೊಳಗಿನ ಸ್ವಚ್ಛ ನೀರಿನಲ್ಲೇ ಇಡುತ್ತದೆ, ಹಗಲಲ್ಲೇ ಕಚ್ಚುತ್ತದೆ. ಫ್ರಿಜ್ ಹಿಂದಿನ ಟ್ರೇ, ಮನಿಪ್ಲಾಂಟ್ ಬಾಟಲಿ, ತುಳಸಿ ಕುಂಡದ ಕೆಳಗಿನ ತಟ್ಟೆ, ಕಿಟಕಿ ಮೇಲೆ ಕಟ್ಟಿದ ಟಾರ್ಪಾಲಿನ ಮಡಿಕೆ, ಇವನ್ನು ವಾರಕ್ಕೊಮ್ಮೆ ಖಾಲಿ ಮಾಡಿ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರದಿಂದ ಹತ್ತು ದಿನ ಸಾಕು. ಬರೀ ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಗೋಡೆ ತಿಕ್ಕಬೇಕು. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಮರಿ ಆಗುತ್ತದೆ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳು ಮಹಡಿ ಹಂಚಿಕೊಂಡು ಈ ಕೆಲಸ ಮಾಡುತ್ತಾರೆ. ದೊಡ್ಡವರಿಗಿಂತ ಚೆನ್ನಾಗಿ ಹುಡುಕುತ್ತಾರೆ.

ಯಾವ ಕಾಯಿಲೆಗೆ ಎಷ್ಟು ದೂರ

ಎಲ್ಲ ಕಾಯಿಲೆಗೂ ಒಂದೇ ಭಯ ಬೇಡ. ಡೆಂಗಿ, ಮಲೇರಿಯಾ ಇರುವವರ ಪಕ್ಕದಲ್ಲಿ ಕೂತರೆ, ಅವರ ತಟ್ಟೆ ತೊಳೆದರೆ ಏನೂ ಆಗುವುದಿಲ್ಲ. ಅವರನ್ನು ಸೊಳ್ಳೆ ಕಚ್ಚದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಡೆಂಗಿಗೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ. ಜ್ವರ ಇಳಿದ ದಿನವೇ ಜಾಸ್ತಿ ಎಚ್ಚರ ಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಬರುವುದು ಇಲಿ ಮೂತ್ರ ಸೇರಿದ ನೀರಿನಿಂದ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತಲ್ಲ, ನೀರು ಇಳಿದ ಮೇಲೆ ಬಂದದ್ದು ಇದೇ. ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಾಗ ನಡೆದು ಬಂದವರು, ಅದರಲ್ಲೂ ಕಾಲಿನಲ್ಲಿ ಗಾಯ ಇರುವವರು, ಮೂರು ದಿನದೊಳಗೆ ಡಾಕ್ಟರ್ ಹತ್ತಿರ ಹೋಗಿ ತಡೆಮಾತ್ರೆ ಬೇಕಾ ಅಂತ ಕೇಳಬೇಕು. ಮೆಡಿಕಲ್‌ನಲ್ಲಿ ತಾವೇ ತೆಗೆದುಕೊಂಡು ನುಂಗುವುದು ಬೇಡ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆ ಔಷಧಿ ಇರುತ್ತದೆ.

ವಾಂತಿ ಭೇದಿಗೆ ನೀರೇ ಔಷಧಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಣ್ಣ ಚಮಚದಲ್ಲಿ ಸಮ ಮಾಡಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಂಜಿ ತಿಳಿಯೂ ಒಳ್ಳೆಯದು.

ಕೊರೋನಾ, ಫ್ಲೂ, ದಡಾರ, ಕ್ಷಯ ಇವು ಗಾಳಿಯಲ್ಲಿ ಹರಡುವವು. ಇಲ್ಲಿ ದೂರ ಬೇಕು, ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು. ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬೇಡಿ. ದಡಾರಕ್ಕೆ ಲಸಿಕೆ ಇದೆ, 2022ರಲ್ಲಿ ಗೋವಂಡಿಯಲ್ಲಿ ದಡಾರ ಹರಡಿದಾಗ ಲಸಿಕೆ ತಪ್ಪಿದ ಮಕ್ಕಳೇ ಜಾಸ್ತಿ ನರಳಿದರು. ಕ್ಷಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಔಷಧಿ ಉಚಿತ, ಊಟಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಸಾಮಾನ್ಯ ಕ್ಷಯವಾದರೆ ಸರಿಯಾಗಿ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವುದು ತುಂಬಾ ಕಡಿಮೆಯಾಗುತ್ತದೆ. ಆದರೂ ಹುಡುಗಿಗೆ ಕ್ಷಯ ಬಂದಿತ್ತು ಅಂತ ಗೊತ್ತಾದರೆ ಮದುವೆ ಮುರಿಯುವವರು ನಮ್ಮವರಲ್ಲೇ ಇದ್ದಾರೆ. ಹಾಗಾಗಿ ಆ ಮನೆಗಳು ಮಾತ್ರೆಯ ಖಾಲಿ ಪಟ್ಟಿಯನ್ನೂ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತವೆ. ನೋಡಿದರೂ ನೋಡದ ಹಾಗಿರಿ.

ಮೊದಲ ಫೋನ್ ಬಂದ ದಿನ

ಕಟ್ಟಡಕ್ಕೆ ತಿಳಿಸಲೇಬೇಕು, ಆದರೆ ಹೆಸರಿಲ್ಲದೆ. ನಾವು ಹಾಕುವ ಸಂದೇಶ ಹೀಗಿರುತ್ತದೆ: ‘ನಮ್ಮ ಕಟ್ಟಡದಲ್ಲಿ ಒಬ್ಬರಿಗೆ ಡೆಂಗಿ ಆಗಿದೆ, ಚಿಕಿತ್ಸೆ ನಡೆಯುತ್ತಿದೆ. ಇದು ಮುಟ್ಟಿದರೆ ಬರುವುದಿಲ್ಲ. ಇವತ್ತು ಸಂಜೆ 6ಕ್ಕೆ ಎಲ್ಲರೂ ಮನೆಯಲ್ಲಿ ನಿಂತ ನೀರು ಹುಡುಕಿ ಚೆಲ್ಲಿ. ಜ್ವರ ಇದ್ದವರು ನಮ್ಮಿಬ್ಬರಲ್ಲಿ ಒಬ್ಬರಿಗೆ ಹೇಳಿ.’ ಏನು ಬಂದಿದೆ, ಹೇಗೆ ಹರಡುತ್ತದೆ, ಈಗ ಏನು ಮಾಡಬೇಕು ಅನ್ನುವ ಮೂರೂ ಅದರಲ್ಲಿ ಇರಬೇಕು. ಮಾಡಲು ಕೆಲಸ ಕೊಟ್ಟರೆ ಜನ ಹರಟೆ ಕಡಿಮೆ ಮಾಡುತ್ತಾರೆ. ಯಾರು, ಯಾರು ಅಂತ ಕೇಳುವವರು ಇದ್ದೇ ಇರುತ್ತಾರೆ. ಉತ್ತರ ಕೊಡಬೇಡಿ. 32 ಮನೆಯ ಕಟ್ಟಡದಲ್ಲಿ ಊಹೆ ಮಾಡಿಯೇ ಮಾಡುತ್ತಾರೆ ನಿಜ, ಆದರೆ ಊಹೆಗೂ ನೋಟಿಸ್ ಬೋರ್ಡಿಗೂ ತುಂಬಾ ವ್ಯತ್ಯಾಸ ಇದೆ.

ಗಾಳಿಯಲ್ಲಿ ಹರಡುವ ಕಾಯಿಲೆಯಾದರೆ ಪಕ್ಕದ ಮನೆಯವರಿಗೆ ಮಾತ್ರ ಹೇಳಬೇಕಾಗುತ್ತದೆ. ಮೊದಲು ಕಾಯಿಲೆಯವರನ್ನೇ ಕೇಳಿ, ಅವರೇ ಹೇಳಿದರೆ ಇನ್ನೂ ಒಳ್ಳೆಯದು. ಡಾಕ್ಟರು, ಪಾಲಿಕೆಯವರು ಕೇಳಿದರೆ ಏನನ್ನೂ ಮುಚ್ಚಿಡಬೇಡಿ.

ಊಟದ ಪಾಳಿ ಅವತ್ತೇ ಶುರುವಾಗಲಿ. ಬಾಗಿಲ ಹೊರಗೆ ಒಂದು ಸ್ಟೂಲು, ಅದರ ಮೇಲೆ ಡಬ್ಬಿ. ಇಟ್ಟು, ಬೆಲ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ನಿಂತು, ಅವರು ಬಾಗಿಲು ತೆರೆದ ಮೇಲೆ ಎರಡು ಮಾತಾಡಿ ಬನ್ನಿ. ಡಬ್ಬಿ ಇಟ್ಟು ಓಡಿ ಹೋಗಬೇಡಿ. ಕೆಳಗಿನ ಮನೆಯ ಅಕ್ಕ ಆಮೇಲೆ ನನಗೆ ಹೇಳಿದ್ದು ಇಷ್ಟೇ: ‘ಹಾಲು ಬರದಿದ್ದಕ್ಕೆ ಬೇಜಾರಿಲ್ಲ, ಹದಿನಾಲ್ಕು ದಿನ ಒಬ್ಬರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ.’

ಕಟ್ಟಡದ ಲೆಕ್ಕದಲ್ಲಿ ಇಲ್ಲದವರು

ಕೆಲಸದ ಬಾಯಿ (ಮನೆಗೆಲಸದವಳು), ವಾಚ್‌ಮನ್, ಕಾರು ತೊಳೆಯುವವರು, ಕೆಳಗಿನ ಹೋಟೆಲಿನ ಹುಡುಗರು. ಇವರು ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮ ಪಟ್ಟಿ ಅರ್ಧ. 2020ರ ಜುಲೈನಲ್ಲಿ ಮುಂಬೈಯ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದರು, ನಮ್ಮ ಮಾಟುಂಗಾದ ವಾರ್ಡೂ ಅದರಲ್ಲಿತ್ತು. ಝೋಪಡಪಟ್ಟಿಯಲ್ಲಿ ಶೇಕಡಾ 57 ಜನರಿಗೆ, ಕಟ್ಟಡಗಳಲ್ಲಿ ಶೇಕಡಾ 16 ಜನರಿಗೆ ಆಗಲೇ ವೈರಸ್ ತಗುಲಿ ಹೋಗಿತ್ತು. ಒಂದೇ ರಸ್ತೆಯ ಆಚೆ ಈಚೆ ಇರುವವರು ಇವರು. ರಜೆ ತೆಗೆದುಕೊಂಡರೆ ಸಂಬಳ ಕತ್ತರಿಸುತ್ತೀರಿ ಅಂತ ಗೊತ್ತಿದ್ದರೆ ಕೆಲಸದ ಬಾಯಿ ಜ್ವರದಲ್ಲೇ ಬರುತ್ತಾಳೆ. ಕಾಯಿಲೆ ರಜೆಗೆ ಸಂಬಳ ಕತ್ತರಿಸುವುದಿಲ್ಲ ಅಂತ ಎಲ್ಲ ಮನೆಯವರೂ ಒಟ್ಟಿಗೆ ನಿರ್ಧರಿಸಿ, ಅವಳ ಮುಂದೆಯೇ ಹೇಳಿ. ಇದಕ್ಕೆ ನಮ್ಮಲ್ಲಿ ಎರಡು ವರ್ಷ ಜಗಳ ಆಯಿತು. ಈಗಲೂ ಮೂರು ಮನೆಯವರು ಒಪ್ಪಿಲ್ಲ.

ಹೋಟೆಲ್ ಹುಡುಗರ ವಿಷಯ ನನಗೆ ಹತ್ತಿರದ್ದು, ನಮ್ಮ ತಂದೆ ಕುಂದಾಪುರ ಕಡೆಯಿಂದ ಹಾಗೇ ಬಂದವರು. ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಜನ ಮಲಗುತ್ತಾರೆ. ಒಬ್ಬನಿಗೆ ಜ್ವರ ಬಂದರೆ ಬೇರೆ ಇರಲು ಜಾಗವೇ ಇಲ್ಲ. ನೀವು ಹೋಟೆಲ್ ನಡೆಸುವವರಾದರೆ ಒಂದು ಸಣ್ಣ ಸ್ಟೋರ್ ರೂಮ್ ಆದರೂ ಕಿಟಕಿ, ಫ್ಯಾನು, ಮಂಚ ಹಾಕಿ ಖಾಲಿ ಇಡಿ. ಹುಡುಗ ಜ್ವರ ಅಂದ ದಿನ ‘ಊರಿಗೆ ಹೋಗು’ ಅನ್ನಬೇಡಿ. ಅದೇ ಅವನ ದೊಡ್ಡ ಭಯ.

ಊರಿಗೆ ಹೋಗುವ ಮೊದಲು

ಇದು ನಮ್ಮವರಿಗೆಲ್ಲ ಹಳೇ ಗಾಯ. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರನ್ನು ತಡೆಯಿತು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ತಮ್ಮದೇ ರಾಜ್ಯದ ಬಾಗಿಲಿನಲ್ಲಿ ಜನ ಕಾದರು. ಉಡುಪಿ, ಮಂಡ್ಯದಲ್ಲಿ ಆಗ ಏರಿದ ಕೇಸುಗಳಲ್ಲಿ ಮುಂಬೈಯಿಂದ ಬಂದವರೇ ಜಾಸ್ತಿ ಇದ್ದರು, ಹಾಗಾಗಿ ಊರಿನವರ ಹೆದರಿಕೆಗೂ ಕಾರಣ ಇತ್ತು. ಪ್ರತಿ ವರ್ಷ ಜಾತ್ರೆಗೆ, ಕೋಲಕ್ಕೆ ದುಡ್ಡು ಕಳಿಸಿದವರನ್ನು ಅದೇ ಊರು ‘ಬಾಂಬೆಯವರು’ ಅಂತ ದೂರ ಇಟ್ಟಿತು. ಎರಡೂ ನಿಜ.

ಮುಂದೆ ಹೀಗಾದರೆ, ಹೊರಡುವ ಮೊದಲು ಊರಿಗೆ ಫೋನ್ ಮಾಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಬೇರೆ ಕೋಣೆ, ಬೇರೆ ಬಚ್ಚಲು ಇದೆಯಾ ಕೇಳಿ. ಆಶಾ ಕಾರ್ಯಕರ್ತೆಗೆ ನೀವೇ ಮೊದಲು ಹೇಳಿ, ಬೇರೆಯವರಿಂದ ಅವರಿಗೆ ಗೊತ್ತಾಗುವುದು ಬೇಡ. ಜ್ವರ ಇದ್ದರೆ ಹೊರಡಲೇಬೇಡಿ. ರಾತ್ರಿ ಬಸ್ಸಿನಲ್ಲಿ ಹದಿನೈದು ಗಂಟೆ ಕೂತು ಹೋದರೆ ನಿಮಗೂ ಕಷ್ಟ, ಪಕ್ಕದ ಸೀಟಿನವರಿಗೂ ಕಷ್ಟ. ಇಲ್ಲೇ ಉಳಿಯಬಹುದು ಅನ್ನುವ ಧೈರ್ಯ ಕೊಡಬೇಕಾದದ್ದು ಕಟ್ಟಡ, ಅದಕ್ಕೇ ಮೇಲಿನ ಡಬ್ಬಿ, ದುಡ್ಡು, ಸ್ಟೂಲು ಎಲ್ಲ.

ಹುಷಾರಾದ ಮೇಲೆ

ಹತ್ತು ಹದಿನೈದು ದಿನ ಒಳಗೇ ಇದ್ದವರಿಗೆ ಹೊರಗೆ ಬರಲು ಅಳುಕು ಇರುತ್ತದೆ. ಮೊದಲ ದಿನ ಯಾರಾದರೂ ಹೋಗಿ ಜೊತೆಗೆ ಕರೆದುಕೊಂಡು ಬನ್ನಿ. ಅವರ ಮನೆಯಲ್ಲಿ ಒಂದು ಚಾ ಕುಡಿಯಿರಿ, ಬಾಗಿಲು ತೆರೆದೇ ಇಟ್ಟು, ಗ್ಯಾಲರಿಯವರಿಗೆಲ್ಲ ಕಾಣುವ ಹಾಗೆ. ಸಾವು ಆಗಿದ್ದರೆ, ಆಗ ಬರಲಾಗದವರು ಆಮೇಲಾದರೂ ಹೋಗಿ. 2020ರಲ್ಲಿ ಎಷ್ಟೋ ಮನೆಗಳಲ್ಲಿ ಹನ್ನೊಂದನೇ ದಿನಕ್ಕೆ ನಾಲ್ಕು ಜನ ಸೇರಲಿಲ್ಲ. ನಮ್ಮ ಕಟ್ಟಡದ ಅಜ್ಜಿಯ ವರ್ಷಾಂತಿಕಕ್ಕೂ ಎರಡನೇ ಅಲೆ ಇತ್ತು, ಹಾಗಾಗಿ ಎರಡನೇ ವರ್ಷ ಎಲ್ಲರೂ ಸೇರಿ ಊಟ ಮಾಡಿದೆವು.

ಇನ್ನು ಆ ಎರಡು ಫೋನ್ ನಂಬರಿನ ಕಾಗದ. ಲಿಫ್ಟ್ ಹತ್ತಿರ, ಮೀಟರ್ ಬಾಕ್ಸ್ ಪಕ್ಕ ಅಂಟಿಸಿ. ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಬರೆಯಿರಿ. ಬಾಡಿಗೆಯವರು ಬದಲಾಗುತ್ತಾ ಇರುತ್ತಾರೆ, ಮಳೆಗಾಲದ ತೇವಕ್ಕೆ ಕಾಗದ ಕಿತ್ತು ಬರುತ್ತದೆ, ಆದ್ದರಿಂದ ಪ್ರತಿ ಮೇ ತಿಂಗಳು ಹೊಸದು ಹಾಕಬೇಕು. ನಾವು ಅಂಟಿಸುವುದು ಅದೇ ಹಳೇ ನೋಟಿಸ್ ಬೋರ್ಡಿಗೆ.